ಮುಧೋಳ ನಾಯಿ ಸಾಕಬೇಕೆಂದಿದ್ದೇನೆ, ಅನುಭವ ಇರುವವರು ತಿಳಿಸಿ

ತೆಂಗಿನತೋಟ:

ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರ ನಮ್ಮದು ಎರಡೂವರೆ ಎಕರೆ ತೆಂಗಿನ ತೋಟ, ಮನೆಯೂ ತೋಟದೊಳಗೇ ಇದೆ. ಹದಿಮೂರು ವರ್ಷ ನಮ್ಮ ಜೊತೆಗಿದ್ದ ನಾಟಿ ನಾಯಿ ಯುಗಾದಿಗೆ ಮುಂಚೆ ತೀರಿಕೊಂಡಿತು. ಅಂದಿನಿಂದ ಅಂಗಳ ಬಿಕೋ ಎನ್ನುತ್ತಿದೆ. ಈ ಸಲ ಮುಧೋಳ ತಳಿಯ ಮರಿ ತರಬೇಕೆಂದು ಮನಸ್ಸಾಗಿದೆ. ಸೈನ್ಯಕ್ಕೆ ಸೇರಿದ ನಾಯಿ, ನಮ್ಮ ಕರ್ನಾಟಕದ್ದೇ ತಳಿ ಎಂಬ ಅಭಿಮಾನವೂ ಇದೆ. ರಾತ್ರಿ ತೋಟದ ಕಾವಲಿಗೂ ಆಗಬೇಕು. ಮನೆಯಲ್ಲಿ ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಇದ್ದಾರೆ. ಮೂರು ಮೇಕೆ, ಹತ್ತು ಹನ್ನೆರಡು ಕೋಳಿಗಳಿವೆ. ಒಬ್ಬರು ಮೊಬೈಲಿನಲ್ಲಿ ಮರಿಯ ಚಿತ್ರ ಕಳಿಸಿ, ಮೂವತ್ತು ದಿನದ ಮರಿ, ನಾಳೆಯೇ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ? ಅಸಲಿ ತಳಿಯನ್ನು ಗುರುತಿಸುವುದು ಹೇಗೆ? ಸ್ವಭಾವ ಎಂಥದ್ದು?

ಘಟಪ್ರಭಾ ದಂಡೆ:

ತೋಟದ ಅಣ್ಣನವರೇ, ಮೊದಲು ಆ ಬಸ್ಸಿನ ಮರಿಯನ್ನು ಬೇಡ ಎಂದು ಹೇಳಿಬಿಡಿ. ಮೂವತ್ತು ದಿನದ ಮರಿ ಇನ್ನೂ ತಾಯಿಯ ಹಾಲು ಕುಡಿಯುವ ಕೂಸು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂದು 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳೇ ಹೇಳುತ್ತವೆ. ಅಷ್ಟು ಅವಸರ ಮಾಡುವವರು ಉಳಿದದ್ದರಲ್ಲೂ ಹಾಗೆಯೇ ಇರುತ್ತಾರೆ.

ನಾನು ಮುಧೋಳ ತಾಲ್ಲೂಕಿನವನು. ಅಜ್ಜನ ಕಾಲದಿಂದ ಮನೆಯಲ್ಲಿ ಈ ನಾಯಿಗಳಿವೆ. ಈಗ ಎರಡು ಹೆಣ್ಣು, ಒಂದು ಗಂಡು ಇವೆ. ನೀವು ಕಾವಲು ಎಂದಿರಿ, ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಇದು ಬೇಟೆಯ ನಾಯಿ, ಅದರಲ್ಲೂ ಕಣ್ಣಿನಿಂದ ಬೇಟೆಯಾಡುವ ನಾಯಿ. ಮೂಗಿನಲ್ಲಿ ಜಾಡು ಹಿಡಿದು ಗಂಟೆಗಟ್ಟಲೆ ನಡೆಯುವುದು ಇದರ ಹುಟ್ಟುಗುಣವಲ್ಲ. ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಮೈಯೆಲ್ಲ ಬಿಗಿಯುತ್ತದೆ, ಮರುಕ್ಷಣ ಅಲ್ಲಿರುವುದಿಲ್ಲ. ಹೊಸಬರು ಬಂದರೆ ಎದ್ದು ನಿಲ್ಲುತ್ತದೆ, ಎರಡು ಸಲ ಬೊಗಳುತ್ತದೆ, ಆಮೇಲೆ ದೂರ ಸರಿದು ನೋಡುತ್ತಿರುತ್ತದೆ. ಮೇಲೆ ಬಿದ್ದು ಕಚ್ಚುವ ಜಾತಿಯಲ್ಲ. ಹೊಸಬರು ತಲೆ ಸವರಲು ಬಂದರೂ ಇದಕ್ಕೆ ಸೇರದು. ಮನೆಯವರ ಹೊರತು ಬೇರೆ ಕೈ ಮೈ ಮೇಲೆ ಬೀಳುವುದನ್ನೇ ಒಪ್ಪದ ನಾಯಿಗಳು ನಮ್ಮಲ್ಲಿ ಬಹಳ.

ಆದರೆ ಒಂದು ಮನೆಗೆ ಒಗ್ಗಿದರೆ ಆ ಮನೆಗೇ ಮೀಸಲು. ನಮ್ಮ ತಂದೆ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ಗಂಡು ನಾಯಿ ಅವರ ಹೊರಸಿನ ಕೆಳಗಿಂದ ಏಳಲಿಲ್ಲ. ರೊಟ್ಟಿಯನ್ನು ಅಲ್ಲೇ ಇಡಬೇಕಾಯಿತು. ಬೈದರೆ, ಹೊಡೆದರೆ ಮುಗಿಯಿತು. ಆ ಮುನಿಸು ವಾರಗಟ್ಟಲೆ ಇಳಿಯುವುದಿಲ್ಲ. ಇದನ್ನು ಮಾತಿನಿಂದ, ಸಹನೆಯಿಂದ ಕಲಿಸಬೇಕು.

ರೂಪದ ಬಗ್ಗೆ ಕೇಳಿದಿರಿ. ಗಂಡು 68ರಿಂದ 72 ಸೆಂಟಿಮೀಟರ್, ಹೆಣ್ಣು 64ರಿಂದ 68 ಸೆಂಟಿಮೀಟರ್ ಎತ್ತರ. ಇಷ್ಟು ಎತ್ತರವಿದ್ದರೂ ತೂಕ ಇಪ್ಪತ್ತರಿಂದ ಇಪ್ಪತ್ತೆಂಟು ಕಿಲೋದೊಳಗೆ. ತಲೆ ಉದ್ದ, ಕಿರಿದು. ಮೂತಿ ಚೂಪಾಗುತ್ತ ಹೋಗುತ್ತದೆ. ಕಿವಿ ತೆಳುವಾಗಿ ಕೆನ್ನೆಗೆ ಅಂಟಿ ಇಳಿಬಿದ್ದಿರಬೇಕು. ಕೊರಳು ಉದ್ದ. ಎದೆ ಆಳ, ಹೊಟ್ಟೆ ಬೆನ್ನಿಗೆ ಹತ್ತಿದಂತೆ ಮೇಲಕ್ಕೆ ಎಳೆದಿರಬೇಕು. ಬಾಲ ಉದ್ದವಾಗಿ ತುದಿಯಲ್ಲಿ ಸ್ವಲ್ಪ ಬಾಗಿರುತ್ತದೆ. ಕೂದಲು ಗಿಡ್ಡ, ಕೈಯಾಡಿಸಿದರೆ ನುಣುಪು. ಬಣ್ಣ ಕೆನೆ, ಕಂದು, ಕಪ್ಪು, ಬಿಳಿ, ಮಚ್ಚೆಯದು ಯಾವುದೂ ಇರಬಹುದು. ಇಂಥ ಬಣ್ಣವೇ ಅಸಲಿ ಎಂದು ಹೇಳಿ ಹೆಚ್ಚು ಹಣ ಕೇಳಿದರೆ ನಂಬಬೇಡಿ. ಮರಿಯನ್ನು ನೋಡಿ ತೀರ್ಮಾನಿಸಲು ನನಗೇ ಕಷ್ಟ. ತಾಯಿಯನ್ನು ನೋಡಿ, ಸಾಧ್ಯವಾದರೆ ತಂದೆಯನ್ನೂ ನೋಡಿ. ತಾಯಿಯನ್ನು ತೋರಿಸದವರ ಮನೆಯ ಹೊಸ್ತಿಲಿಂದಲೇ ತಿರುಗಿ ಬನ್ನಿ.

ಶಾಸನ ಓದುಗ:

ಇತಿಹಾಸದ ಎರಡು ಮಾತು ಸೇರಿಸುತ್ತೇನೆ. ಕವಿಚಕ್ರವರ್ತಿ ರನ್ನನ ಊರು ಎಂದು ನಾವು ಓದಿದ ಮುಧೋಳವೇ ಇದು. ಘೋರ್ಪಡೆ ವಂಶದವರು ಆಳಿದ ಈ ಸಣ್ಣ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿದ್ದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಬೇಡರ ಬಳಿ ಇದ್ದ ತೆಳುಮೈಯ ಬೇಟೆ ನಾಯಿಗಳನ್ನು ಗಮನಿಸಿ, ಆಯ್ದ ನಾಯಿಗಳಿಂದ ತಳಿಯನ್ನು ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೊತೆ ಮರಿಗಳನ್ನು ಕಾಣಿಕೆಯಾಗಿ ಕೊಟ್ಟರು. ಮುಧೋಳದ ಹೆಸರು ಈ ನಾಯಿಗೆ ಅಂಟಿದ್ದು ಆಮೇಲೆಯೇ.

ರಾಜರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಬೇಡರನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದು ನೋವಿನ ವಿಷಯ. ತಳಿಯನ್ನು ಕಾಪಾಡಿಕೊಂಡು ಬಂದವರು ಅವರು. ಯಾವ ಹೆಣ್ಣಿಗೆ ಯಾವ ಗಂಡು ಕೂಡಿಸಬೇಕು, ಯಾವ ಮರಿ ಓಟಕ್ಕೆ ಬರುತ್ತದೆ ಎಂಬ ತಿಳಿವಳಿಕೆ ಅವರಲ್ಲಿ ಇಲ್ಲದಿದ್ದರೆ ರಾಜರಿಗೆ ಆಯ್ದುಕೊಳ್ಳಲು ನಾಯಿಗಳೇ ಇರುತ್ತಿರಲಿಲ್ಲ. 1857ರಲ್ಲಿ ಆಯುಧಗಳನ್ನು ಒಪ್ಪಿಸಿ ಎಂದ ಕಂಪನಿ ಸರ್ಕಾರದ ವಿರುದ್ಧ ಎದ್ದು ನಿಂತ ಹಲಗಲಿಯೂ ಇದೇ ಮುಧೋಳ ಸೀಮೆಯದು. ಬೇಟೆಯೇ ಬದುಕಾಗಿದ್ದ ಜನಕ್ಕೆ ಆಯುಧ ಮತ್ತು ನಾಯಿ ಎಂದರೆ ಏನು ಎಂಬುದನ್ನು ಹಲಗಲಿ ಬೇಡರ ಲಾವಣಿ ಕೇಳಿದವರು ಬಲ್ಲರು.

ಕೋಟೆಯ ಹುಡುಗ:

ಶಿವಾಜಿ ಮಹಾರಾಜರ ಸೈನ್ಯದಲ್ಲಿಯೂ ಮುಧೋಳ ನಾಯಿಗಳಿದ್ದವು ಎಂದು ಓದಿದ್ದೇನೆ. ಘೋರ್ಪಡೆಯವರು ಮರಾಠ ಸರದಾರರಲ್ಲವೇ? ಹಾಗೆಯೇ ಜಾರ್ಜ್ ದೊರೆಗೆ ಮರಿ ಕೊಟ್ಟದ್ದು 1937ರಲ್ಲಿ ಎಂದು ಒಂದು ಕಡೆ ಇತ್ತು.

ಶಾಸನ ಓದುಗ:

ತಮ್ಮಾ, ಎರಡನ್ನೂ ಸ್ವಲ್ಪ ನಿಧಾನವಾಗಿ ನೋಡೋಣ. ಐದನೇ ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ. ಹಾಗಾಗಿ 1937 ಹೊಂದುವುದಿಲ್ಲ. ಎಷ್ಟೋ ಲೇಖನಗಳು ಒಂದನ್ನೊಂದು ನೋಡಿ ಅದೇ ವರ್ಷವನ್ನು ಬರೆದಿವೆ.

ಶಿವಾಜಿಯವರ ವಿಷಯ. ಮುಧೋಳದ ಘೋರ್ಪಡೆಯವರು ಮರಾಠರೇ, ಆದರೆ ಆಗ ಬಿಜಾಪುರದ ಆದಿಲಶಾಹಿಗಳ ಸೇವೆಯಲ್ಲಿದ್ದರು. 1648ರಲ್ಲಿ ಶಿವಾಜಿಯವರ ತಂದೆ ಶಹಾಜಿಯನ್ನು ಸೆರೆಹಿಡಿದವರಲ್ಲಿ ಮುಧೋಳದ ಬಾಜಿ ಘೋರ್ಪಡೆಯೂ ಒಬ್ಬ. ಮುಂದೆ ಅದರ ಸೇಡಿಗೆ ಶಿವಾಜಿ ಮುಧೋಳದ ಮೇಲೆ ಬಿದ್ದರು, ಬಾಜಿ ಸತ್ತ. ಎರಡು ಮನೆತನಗಳ ನಡುವೆ ಇಷ್ಟು ರಕ್ತ ಹರಿದಿರುವಾಗ, ಮುಧೋಳದ ಅರಮನೆಯಿಂದ ಅವರ ಪಾಳೆಯಕ್ಕೆ ನಾಯಿಗಳು ಹೋದವು ಎಂಬ ಮಾತನ್ನು ನಾನು ಕಥೆಯಾಗಿ ಮಾತ್ರ ಕೇಳುತ್ತೇನೆ. ದಖ್ಖನಿನಲ್ಲಿ ಇಂಥ ನಾಯಿಗಳು ಬೇರೆ ಕಡೆಯೂ ಇದ್ದವು, ಅದು ಬೇರೆ ಮಾತು.

ಬೇಟೆ ನಾಯಿಯ ಬಗ್ಗೆ ಕನ್ನಡಿಗರು ಹೆಮ್ಮೆಪಡಬೇಕಾದ ದಾಖಲೆ ಬೇರೊಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ನಡೆದ ಕಾಲದ್ದು, ಅಂದರೆ 949-50. ಗಂಗರ ಬೂತುಗನ ಬಂಟ ಮಣಲೆರನಿಗೆ ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ ಏನು ಬೇಕೋ ಕೇಳು ಎಂದಾಗ ಅವನು ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಕಲ್ಲಿನ ಮೇಲೆ ಹಂದಿಯನ್ನು ಎದುರಿಸುತ್ತಿರುವ ಕಾಳಿಯ ಚಿತ್ರವಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಮುಧೋಳ ತಳಿಯದು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ನಾಯಿಯ ಬೆಲೆಯನ್ನು ಬಲ್ಲ ನಾಡು ಇದು ಎಂದಷ್ಟೇ. ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಪಶುವೈದ್ಯೆ:

ತೆಂಗಿನತೋಟದವರಿಗೆ ಆರೋಗ್ಯದ ವಿಷಯವಾಗಿ ಕೆಲವು ಮಾತು. ಈ ನಾಯಿಯ ಮಾಲೀಕರು ನನ್ನ ಬಳಿ ಬಂದಾಗ ಮೊದಲು ಹೇಳುವುದು "ಡಾಕ್ಟರೇ, ಎಷ್ಟು ತಿಂದರೂ ಸೊರಗಿಯೇ ಇದೆ" ಎಂದು. ಅದು ಸೊರಗಿಲ್ಲ. ಕಡೆಯ ಎರಡು ಮೂರು ಪಕ್ಕೆಲುಬು ಕಾಣುವುದು, ಸೊಂಟದ ಎಲುಬು ಕೈಗೆ ಸಿಗುವುದು ಈ ಮೈಕಟ್ಟಿನ ಲಕ್ಷಣ. ಅಕ್ಕಪಕ್ಕದವರ ಮಾತಿಗೆ ಅಂಜಿ ತುಪ್ಪ, ಅನ್ನ ತುರುಕಿ ದಪ್ಪ ಮಾಡಿದ ಮುಧೋಳ ನಾಯಿಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ. ಆ ಸಣ್ಣ ಕಾಲುಗಳು ಹೊರಲು ಹುಟ್ಟಿದ ಭಾರ ಅದಲ್ಲ.

ಅತಿ ಮುಖ್ಯವಾದದ್ದು ಅರಿವಳಿಕೆ. ಕೊಬ್ಬು ಬಹಳ ಕಡಿಮೆ ಇರುವ ಓಟದ ನಾಯಿಗಳಲ್ಲಿ ಥಯೋಪೆಂಟೋನಿನಂಥ ಹಳೆಯ ಔಷಧದ ಪರಿಣಾಮ ಬೇಗ ಇಳಿಯುವುದಿಲ್ಲ. ಗ್ರೇಹೌಂಡ್‌ಗಳಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ಮುಧೋಳ ನಾಯಿಗಳಿಗೂ ನಾನು ಅದೇ ಎಚ್ಚರ ವಹಿಸುತ್ತೇನೆ. ಸಂತಾನಹರಣವೋ ಗಾಯಕ್ಕೆ ಹೊಲಿಗೆಯೋ ಆಗಬೇಕಾದಾಗ ವೈದ್ಯರಿಗೆ ಇದು ಯಾವ ತಳಿ ಎಂದು ನೀವಾಗಿಯೇ ಹೇಳಿ. ಹೊಲಿಗೆಯ ಮಾತು ಯಾಕೆ ಬಂತೆಂದರೆ, ತೊಗಲು ತೆಳು. ಬೇರೆ ನಾಯಿಗೆ ಗೀರು ಬೀಳುವ ಕಡೆ ಇದಕ್ಕೆ ಸೀಳುತ್ತದೆ. ತೋಟಕ್ಕೆ ಮುಳ್ಳುತಂತಿಯ ಬೇಲಿ ಇದ್ದರೆ ದಯವಿಟ್ಟು ಅದನ್ನು ಬದಲಿಸಿ. ಓಡುವ ಭರದಲ್ಲಿ ತಂತಿ ಕಾಣದೆ ಎದೆ ಹರಿದುಕೊಂಡ ನಾಯಿಗೆ ನಾನೇ ಎರಡು ಗಂಟೆ ಹೊಲಿಗೆ ಹಾಕಿದ್ದೇನೆ. ಅದು ಬದುಕಿತು.

ಚಳಿಯನ್ನು ತಡೆಯುವುದಿಲ್ಲ. ಮಾಗಿಯಲ್ಲಿ ಒಳಗೆ ಮಲಗಿಸಿ, ಗೋಣಿಚೀಲ, ಹಳೆಯ ಕಂಬಳಿ ಏನಾದರೂ ಕೊಡಿ. ಗಟ್ಟಿ ನೆಲದ ಮೇಲೆಯೇ ಮಲಗಿದರೆ ಮೊಣಕೈಯಲ್ಲಿ ದಡ್ಡು ಕಟ್ಟುತ್ತದೆ. ಮರಿಗೆ ಆರರಿಂದ ಎಂಟನೆಯ ವಾರದಲ್ಲಿ ಲಸಿಕೆ ಶುರುವಾಗಬೇಕು, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಬೈಕಿನ ಹಿಂದೆ ಓಡಿಸುವ ಶೋಕಿ ಬೇಡ. ಎಲುಬು ಬಲಿಯುವ ಮುಂಚೆ ಹಾಗೆ ಓಡಿಸಿದರೆ ಕೀಲು ಕೆಡುತ್ತವೆ.

ಮೂರನೇ ಮಹಡಿ:

ನಾನು ಬರೆಯುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿ ಮುಧೋಳ ನಾಯಿ ಸಾಕಿದೆ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹಗ್ಗ ಹಿಡಿದು ನಡೆಸಿದರೆ ಸಾಕು ಎಂದುಕೊಂಡಿದ್ದೆ. ಮನೆಯಲ್ಲಿ ಅದು ಬಹಳ ಶಾಂತ. ದಿನದ ಬಹುಭಾಗ ಮಲಗಿಯೇ ಇರುತ್ತಿತ್ತು. ಆ ಶಾಂತಿಯನ್ನು ನಾನು ತೃಪ್ತಿ ಎಂದು ತಪ್ಪಾಗಿ ತಿಳಿದೆ. ಒಂದೂವರೆ ವರ್ಷವಾದಾಗ ಬಾಗಿಲು ಕೆರೆಯುವುದು, ತನ್ನ ಕಾಲನ್ನೇ ನೆಕ್ಕಿ ಹುಣ್ಣು ಮಾಡಿಕೊಳ್ಳುವುದು ಶುರುವಾಯಿತು. ಒಂದು ಸಂಜೆ ಬೆಕ್ಕೊಂದು ರಸ್ತೆ ದಾಟಿತು, ಹಗ್ಗ ನನ್ನ ಕೈಯಿಂದ ಹಾರಿಹೋಯಿತು. ಕೂಗಿದೆ, ತಿರುಗಿಯೂ ನೋಡಲಿಲ್ಲ. ವಾಹನಗಳು ಹೇಗೋ ನಿಂತವು.

ಅದಾದ ಮೇಲೆ ಕೋಲಾರದ ಕಡೆ ಹೊಲವಿರುವ ಗೆಳೆಯನಿಗೆ ಕೊಟ್ಟೆ. ಅಲ್ಲಿ ಮೊದಲ ದಿನ ಅದು ಓಡಿದ್ದನ್ನು ನೋಡಿದೆ. ನಾಲ್ಕು ಕಾಲೂ ನೆಲ ಬಿಟ್ಟಿದ್ದವು. ಎರಡು ವರ್ಷ ನನ್ನ ಮನೆಯಲ್ಲಿದ್ದ ನಾಯಿಯ ನಿಜವಾದ ಓಟವನ್ನು ನಾನು ಕಂಡದ್ದು ಅಂದೇ. ತೋಟವಿರುವ ನಿಮ್ಮಂಥವರು ಸಾಕಿ. ಫ್ಲ್ಯಾಟಿನವರು ನನ್ನಂತೆ ಮಾಡಬೇಡಿ.

ಘಟಪ್ರಭಾ ದಂಡೆ:

ಅಕ್ಕ, ನೀವು ಕೊಟ್ಟು ಒಳ್ಳೆಯದು ಮಾಡಿದಿರಿ. ಕಟ್ಟಿಹಾಕಿ ಇಟ್ಟುಕೊಳ್ಳುವವರೇ ಹೆಚ್ಚು.

ನೀವು ನೋಡಿದ್ದು ಸರಿ. ಈ ಜಾತಿಯ ನಾಯಿಗಳ ಒಂದೊಂದು ನೆಗೆತದಲ್ಲಿಯೂ ನಾಲ್ಕು ಕಾಲು ಎರಡು ಸಲ ನೆಲ ಬಿಡುತ್ತವೆ. ಕಾಲುಗಳು ಹೊಟ್ಟೆಯ ಕೆಳಗೆ ಮುದುಡಿಕೊಂಡಾಗ ಒಮ್ಮೆ, ಹಿಂದೆ ಮುಂದೆ ಪೂರ್ತಿ ಚಾಚಿದಾಗ ಇನ್ನೊಮ್ಮೆ. ಬೆನ್ನು ಬಿಲ್ಲಿನ ಹಾಗೆ ಮಡಚಿ ಬಿಚ್ಚಿಕೊಳ್ಳುತ್ತದೆ. ಆಳವಾದ ಎದೆ ಇರುವುದು ಆ ಓಟಕ್ಕೆ ಬೇಕಾದ ಗಾಳಿಗಾಗಿ, ಉದ್ದ ಬಾಲ ಇರುವುದು ತಿರುವಿನಲ್ಲಿ ತೂಗಿಕೊಳ್ಳಲಿಕ್ಕೆ. ಹೊಟ್ಟೆ ಒಳಗೆ ಎಳೆದಿರದಿದ್ದರೆ ಹಿಂಗಾಲು ಅಷ್ಟು ಮುಂದೆ ಬರಲಾರದು. ಈ ನಾಯಿಯ ಅಂದ ಎಂದು ನಾವು ಹೇಳುವುದೆಲ್ಲ ಓಟ ಕೆತ್ತಿದ ಅಂದ.

ಕರಿಮಣ್ಣು:

ಓಟ ಕೆತ್ತಿದ್ದಲ್ಲ, ಬೇಟೆ ಕೆತ್ತಿದ್ದು. ನಾನು ನೇರವಾಗಿ ಹೇಳುತ್ತೇನೆ, ಯಾರೂ ಸಿಟ್ಟಾಗಬೇಡಿ. ಹಿಂದೆ ಮೊಲ ಹಿಡಿದ ನಾಯಿಯ ಮರಿಗೆ ಬೆಲೆ ಇತ್ತು. ಹಿಡಿಯಲಾಗದ್ದನ್ನು ಯಾರೂ ಮುಂದೆ ಬೆಳೆಸುತ್ತಿರಲಿಲ್ಲ. ಈಗ ಎತ್ತರ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಚಿತ್ರ ಚೆನ್ನಾಗಿ ಬಂದರೆ ಸಾಕು. ಎತ್ತರ ಹೆಚ್ಚಿಸಲು ಪರದೇಶಿ ನಾಯಿಗಳಿಗೆ ಕೂಡಿಸುತ್ತಾರೆ. ಇನ್ನು ಮೂವತ್ತು ವರ್ಷಕ್ಕೆ ಹೆಸರು ಉಳಿಯುತ್ತದೆ, ನಾಯಿ ಉಳಿಯುವುದಿಲ್ಲ.

ಪಶುವೈದ್ಯೆ:

ಆತಂಕ ಸರಿ, ಆದರೆ ಓದುವವರಿಗೆ ತಪ್ಪು ಅರ್ಥವಾಗಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಮೊಲದ ಬೇಟೆಯೂ ಅಪರಾಧ, ಅದು ನಮ್ಮ ಹೊಲದಲ್ಲೇ ಇದ್ದರೂ ಸರಿಯೇ. ನಾಯಿಯಿಂದ ಹಿಡಿಸಿದರೂ ಬೇಟೆಯೇ.

ಘಟಪ್ರಭಾ ದಂಡೆ:

ಕರಿಮಣ್ಣು ಅಣ್ಣನವರ ಮಾತು ನನಗೂ ಚುಚ್ಚುತ್ತದೆ, ಸತ್ಯವಾದ್ದರಿಂದ. ನಮ್ಮ ಅಜ್ಜ ಬೇಟೆಗೆ ಹೋಗುತ್ತಿದ್ದರು. ತಂದೆಯ ಕಾಲಕ್ಕೆ ನಿಂತಿತು. ಒಂದು ಮೊಲ ಎದ್ದರೆ ಹೊಲಕ್ಕೆ ಹೊಲವೇ ಕೂಗುತ್ತಿತ್ತು ಎಂದು ಅಜ್ಜ ಹೇಳುವಾಗ ಕಣ್ಣು ಹೊಳೆಯುತ್ತಿದ್ದವು. ಆದರೆ ಈಗ ನಮ್ಮ ಕಡೆ ಬಯಲೆಲ್ಲ ಕಬ್ಬಿನ ಗದ್ದೆ. ಮೊಲ ಎಲ್ಲಿದೆ, ನಾಯಿ ಓಡಲು ನೆಲ ಎಲ್ಲಿದೆ? ಇದ್ದ ನಾಲ್ಕು ಮೊಲಗಳಾದರೂ ಬದುಕಲಿ.

ನಾನು ಮಾಡುವುದು ಇಷ್ಟು. ಕಬ್ಬು ಕಡಿದ ಮೇಲೆ ಖಾಲಿ ಹೊಲದಲ್ಲಿ ಉದ್ದ ಹಗ್ಗದ ತುದಿಗೆ ಬಿಳಿ ಬಟ್ಟೆ ಕಟ್ಟಿ, ಇನ್ನೊಂದು ತುದಿಯನ್ನು ಹಳೆಯ ಸೈಕಲ್ಲಿನ ಗಾಲಿಗೆ ಸುತ್ತಿ ತಿರುಗಿಸುತ್ತೇನೆ. ಬಟ್ಟೆ ನೆಲದ ಮೇಲೆ ಹಾರುತ್ತ ಹೋಗುತ್ತದೆ, ನಾಯಿ ಜೀವ ಬಿಟ್ಟು ಅಟ್ಟುತ್ತದೆ. ಯಾವುದು ತಿರುವಿನಲ್ಲಿ ಜಾರುವುದಿಲ್ಲ, ಯಾವುದು ಮೂರನೇ ಸುತ್ತಿಗೂ ಕಣ್ಣು ತೆಗೆಯುವುದಿಲ್ಲ ಎಂದು ಬರೆದಿಡುತ್ತೇನೆ. ಮರಿ ಹಾಕಿಸುವಾಗ ಆ ಪುಸ್ತಕ ನೋಡುತ್ತೇನೆ. ಅಜ್ಜನ ಬೇಟೆಗೆ ಇದು ಸಮವಲ್ಲ ಎಂದು ಗೊತ್ತು. ಎತ್ತರ ಅಳೆದು ಕೈತೊಳೆದುಕೊಳ್ಳುವುದಕ್ಕಿಂತ ಮೇಲು.

ಕೋಟೆಯ ಹುಡುಗ:

ಕೆಲವರು ಕ್ಯಾರವಾನ್ ಹೌಂಡ್ ಎನ್ನುತ್ತಾರೆ. ಅದು ಬೇರೆ ತಳಿಯೇ?

ಶಾಸನ ಓದುಗ:

ನಾಯಿ ಒಂದೇ, ದಾಖಲೆಯ ಹೆಸರು ಎರಡು. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ಕ್ಯಾರವಾನ್ ಹೌಂಡ್ ಎಂದು ನೋಂದಾಯಿಸುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎನ್ನುತ್ತದೆ. ಮಹಾರಾಷ್ಟ್ರದ ಕಡೆ ಕಾರವಾನಿ ಎಂಬ ಮಾತೂ ಇದೆ. ಪಶ್ಚಿಮ ಏಷ್ಯಾದಿಂದ ವ್ಯಾಪಾರಿಗಳ, ಸೈನಿಕರ ತಂಡಗಳ ಜೊತೆ ಸಲೂಕಿಯಂಥ ನಾಯಿಗಳು ಬಂದು ಇಲ್ಲಿನ ನಾಯಿಗಳೊಡನೆ ಬೆರೆತವು ಎಂಬ ನಂಬಿಕೆ ಆ ಹೆಸರಿನ ಹಿಂದಿದೆ. ಕಿವಿ, ಬಾಲದ ಮೇಲೆ ರೇಷ್ಮೆಯಂಥ ಉದ್ದ ಕೂದಲಿನ ಪಶ್ಮಿ ಎಂಬ ಬಗೆಯನ್ನು ನೋಡಿದರೆ ಸಲೂಕಿಯ ನೆನಪಾಗುವುದು ನಿಜ. 2005ರಲ್ಲಿ ಅಂಚೆ ಇಲಾಖೆ ಭಾರತೀಯ ನಾಯಿ ತಳಿಗಳ ನಾಲ್ಕು ಅಂಚೆಚೀಟಿ ತಂದಾಗ ಮುಧೋಳ ಎಂಬ ಹೆಸರನ್ನೇ ಬಳಸಿತು. ನಾನೂ ಅದನ್ನೇ ಬಳಸುತ್ತೇನೆ.

ಸೈನ್ಯದ ಮಾತನ್ನು ತೆಂಗಿನತೋಟದವರು ಎತ್ತಿದ್ದರು. 2016ರಲ್ಲಿ ಮೀರತ್‌ನಲ್ಲಿರುವ ಸೈನ್ಯದ ನಾಯಿ ತರಬೇತಿ ಕೇಂದ್ರಕ್ಕೆ ಮುಧೋಳದ ಮರಿಗಳು ಹೋದವು. ಅದಕ್ಕೂ ಮುಂಚೆ ಅಲ್ಲಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ಪರದೇಶದ ತಳಿಗಳದೇ ರಾಜ್ಯ. 2021ರಲ್ಲಿ ವಾಯುಪಡೆಯೂ ಆಗ್ರಾ ನೆಲೆಯ ಓಡುದಾರಿಯಿಂದ ಹಕ್ಕಿಗಳನ್ನು ಚದುರಿಸಲು ಈ ಮರಿಗಳನ್ನು ಪಡೆಯಿತು. ಓಡುವ ನಾಯಿಗೆ ಅಷ್ಟು ಉದ್ದದ ಬಯಲು ಸಿಕ್ಕಿದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ತೆಂಗಿನತೋಟ:

ಎಲ್ಲರಿಗೂ ಕೃತಜ್ಞತೆಗಳು. ಆ ಬಸ್ಸಿನ ಮರಿಯನ್ನು ಅಂದೇ ಬೇಡ ಎಂದೆ. ಕಳೆದ ವಾರ ಮಗಳನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಮುಧೋಳಕ್ಕೆ ಹೋಗಿ ಬಂದೆ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆಯಲ್ಲ, ಅಲ್ಲಿಗೆ ಹೋದೆವು. ದೊಡ್ಡ ನಾಯಿಗಳನ್ನು ಎದುರಿಗೇ ನೋಡಿದ್ದು ಅದೇ ಮೊದಲು. ಚಿತ್ರಗಳಲ್ಲಿ ಸಿಗದ ಒಂದು ಗಾಂಭೀರ್ಯ ಅವುಗಳಲ್ಲಿದೆ. ಒಂದು ಕಪ್ಪು ಹೆಣ್ಣು ನಾಯಿ ನಮ್ಮನ್ನು ನೋಡಿ ಎದ್ದು, ಸ್ವಲ್ಪ ಹೊತ್ತು ನಿಂತು, ಬಾಲ ಅಲ್ಲಾಡಿಸದೆ ಹಿಂದೆ ಹೋಗಿ ಮಲಗಿತು. "ಅಪ್ಪಾ, ಅದಕ್ಕೆ ನಾವು ಇಷ್ಟವಾಗಲಿಲ್ಲವಾ?" ಎಂದು ಮಗಳು ಕೇಳಿದಳು. ಇನ್ನೂ ನಮ್ಮ ಪರಿಚಯವಾಗಿಲ್ಲ ಎಂದೆ. ಆಮೇಲೆ ಅಲ್ಲಿಯೇ ಇಪ್ಪತ್ತು ನಿಮಿಷ ಸುಮ್ಮನೆ ಕುಳಿತಿದ್ದಳು. ಹೊರಡುವಾಗ ಅದು ಬಂದು ಅವಳ ಕೈಯನ್ನು ಒಮ್ಮೆ ಮೂಸಿತು.

ಕಾವಲಿಗೆ ನಮ್ಮ ಊರಿನದೇ ನಾಟಿ ಮರಿಯೊಂದನ್ನು ತರುತ್ತೇವೆ. ಹೆಣ್ಣು ಮುಧೋಳ ಮರಿಗಾಗಿ ತಾಯಿಯನ್ನು ನೋಡಿ ಒಬ್ಬರ ಮನೆಯಲ್ಲಿ ಹೇಳಿ ಬಂದಿದ್ದೇನೆ, ಎಂಟು ವಾರ ತುಂಬಿದ ಮೇಲೆ ಕೊಡುತ್ತಾರೆ. ಮುಳ್ಳುತಂತಿ ತೆಗೆಸಿ ಆರು ಅಡಿ ಎತ್ತರದ ಜಾಲರಿ ಹಾಕಿಸುತ್ತಿದ್ದೇನೆ. ಮೇಕೆ, ಕೋಳಿಗಳ ವಿಷಯ ಮಾತ್ರ ಇನ್ನೂ ಚಿಂತೆ.

ಘಟಪ್ರಭಾ ದಂಡೆ:

ಮೇಕೆಗಳ ಚಿಂತೆ ಬೇಡ. ಮರಿಯಿದ್ದಾಗಲೇ ಅವುಗಳ ಜೊತೆ ಬೆಳೆದರೆ ಮನೆಯವು ಎಂದು ತಿಳಿಯುತ್ತದೆ. ನಮ್ಮ ನಾಯಿ, ಆಡುಗಳು ಒಂದೇ ಚಪ್ಪರದ ಕೆಳಗೆ ಮಲಗುತ್ತವೆ. ಕೋಳಿಯ ಮಾತು ಬೇರೆ. ರೆಕ್ಕೆ ಬಡಿದು ಓಡುವುದನ್ನು ಕಂಡಾಗ ಇದರ ಕಣ್ಣು ಅಜ್ಜನ ಕಾಲಕ್ಕೆ ಹೋಗಿಬಿಡುತ್ತದೆ. ಗೂಡನ್ನು ಜಾಲರಿಯ ಆಚೆ ಹಾಕಿ, ನೀವಿಲ್ಲದಾಗ ಎರಡನ್ನೂ ಒಟ್ಟಿಗೆ ಬಿಡಬೇಡಿ.

ಮೊದಲ ವಾರ ಅಲ್ಲಿ ತಿನ್ನುತ್ತಿದ್ದುದನ್ನೇ ಕೊಡಿ. ನಮ್ಮ ಕಡೆ ಜೋಳದ ರೊಟ್ಟಿ, ಹಾಲು, ಗೋವಿನಜೋಳದ ನುಚ್ಚಿಗೆ ಮರಿಗಳು ಒಗ್ಗಿರುತ್ತವೆ. ನಿಮ್ಮ ರಾಗಿ ಆಮೇಲೆ ನಿಧಾನವಾಗಿ ಬರಲಿ. ಮತ್ತೆ, ಬರುವಾಗ ತಾಯಿ ಮಲಗಿದ ಗೋಣಿಚೀಲದ ಒಂದು ತುಂಡನ್ನು ಕೇಳಿ ತೆಗೆದುಕೊಂಡು ಬನ್ನಿ, ಒಗೆಯಬೇಡಿ. ಮೊದಲ ಮೂರು ನಾಲ್ಕು ರಾತ್ರಿ ಮರಿ ಅದರ ಮೇಲೆಯೇ ಮಲಗಲಿ.